‘ಒಕ್ಲಹೋಮಾ!’ ಮರುಪ್ರಯೋಗ: ವಿಮರ್ಶಕರು ಹೊಗಳಿದ ಆಟದಿಂದ ಪ್ರೇಕ್ಷಕರು ನಡುವೆಯೇ ಎದ್ದು ಹೋದದ್ದೇಕೆ?

ಹೊರನಾಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ನಡುನಾಡಿನ ಒಂದು ನಗರದಲ್ಲಿ ನೆಲೆಸಿದ್ದೇನೆ. ಡೇನಿಯಲ್ ಫಿಶ್ ನಿರ್ದೇಶನದ ‘ಒಕ್ಲಹೋಮಾ!’ ಸಂಗೀತ ನಾಟಕ 2022ರಲ್ಲಿ ಊರೂರು ಸುತ್ತುತ್ತ ನಮ್ಮಲ್ಲಿಗೂ ಬಂದಾಗ ಅದನ್ನು ನೋಡಿದೆ. ಆ ಪ್ರಯೋಗಕ್ಕೆ 2019ರಲ್ಲಿ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಅತ್ಯುತ್ತಮ ಮರುಪ್ರಯೋಗಕ್ಕಾಗಿ ಬಂದಿತ್ತು, ನ್ಯೂಯಾರ್ಕಿನ ಬಹುಪಾಲು ವಿಮರ್ಶಕರು ಅದನ್ನು ಮನಸಾರೆ ಹೊಗಳಿದ್ದರು ಎಂದು ತಿಳಿದುಕೊಂಡೇ ಟಿಕೆಟ್ ಕೊಂಡಿದ್ದೆ.

ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ದಂಪತಿ ಕುಳಿತಿದ್ದರು. ಶಾಲೆಯಲ್ಲಿದ್ದಾಗ ಇದೇ ನಾಟಕದಲ್ಲಿ ದನಗಾಹಿಯ ಪಾತ್ರ ಮಾಡಿದ್ದನ್ನು ಆ ಹಿರಿಯರು ಬಹಳ ಸಂತೋಷದಿಂದ ನೆನೆದರು. ವಿರಾಮ ಮುಗಿದ ಮೇಲೆ ನೋಡಿದರೆ ಅವರಿಬ್ಬರ ಕುರ್ಚಿಗಳು ಖಾಲಿಯಾಗಿದ್ದವು, ಮುಂದಿನ ಸಾಲುಗಳಲ್ಲೂ ಅಲ್ಲಲ್ಲಿ ಜಾಗ ತೆರವಾಗಿತ್ತು. ಕೊನೆಯವರೆಗೆ ಉಳಿದವರಲ್ಲಿ ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಕೋಟು ತೊಡುತ್ತ ಗೊಣಗಿಕೊಂಡು ಹೊರಟರು. ನನ್ನ ಮಟ್ಟಿಗೆ ಹಾಡುಗಳು ಇಷ್ಟವಾದವು, ಕೊನೆಯ ದೃಶ್ಯ ಕಂಗೆಡಿಸಿತು, ನಡುವಿನ ನೃತ್ಯವಂತೂ ಅರ್ಥವೇ ಆಗಲಿಲ್ಲ. ಹಳೆಯ ರೂಪವನ್ನು ನಾನು 1955ರ ಚಲನಚಿತ್ರದಿಂದಷ್ಟೇ ಬಲ್ಲೆ. ಮಾತು ಮತ್ತು ಹಾಡುಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡ ಒಂದು ಪ್ರಯೋಗದ ವಿಷಯದಲ್ಲಿ ವಿಮರ್ಶಕರಿಗೂ ಪ್ರೇಕ್ಷಕರಿಗೂ ಇಷ್ಟೊಂದು ಅಂತರ ಹೇಗೆ ಬಂತು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಬ್ರೂಕ್ಲಿನ್ ವಾಸಿ

ವಿಮರ್ಶಕರು ಈ ಕಡೆ, ಪ್ರೇಕ್ಷಕರು ಆ ಕಡೆ ಎಂದು ಗೆರೆ ಎಳೆಯುವ ಮೊದಲು, ಇಬ್ಬರೂ ನೋಡಿದ್ದು ಒಂದೇ ಆಟವನ್ನೇ ಎಂದು ಕೇಳಿಕೊಳ್ಳಬೇಕು. ಅಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಇದನ್ನು 2018ರಲ್ಲಿ ಬ್ರೂಕ್ಲಿನ್ನಿನ ಸೇಂಟ್ ಆನ್ಸ್ ವೇರ್‌ಹೌಸ್‌ನಲ್ಲಿ ಒಮ್ಮೆ, ಮರುವರ್ಷ ಬ್ರಾಡ್‌ವೇಯ ಸರ್ಕಲ್ ಇನ್ ದ ಸ್ಕ್ವೇರ್‌ನಲ್ಲಿ ಮತ್ತೊಮ್ಮೆ ನೋಡಿದ್ದೇನೆ. ಸರ್ಕಲ್ ಇನ್ ದ ಸ್ಕ್ವೇರ್ ಸಾವಿರ ಆಸನಗಳೂ ಇಲ್ಲದ ರಂಗಮಂದಿರ. ಅಲ್ಲಿ ಜನ ರಂಗಸ್ಥಳವನ್ನು ಸುತ್ತುವರಿದು ಕೂರುತ್ತಾರೆ, ಹಾಗಾಗಿ ಎದುರು ಬದಿಯಲ್ಲಿ ಕುಳಿತವರ ಮುಖವೂ ನಮಗೆ ಕಾಣುತ್ತಿರುತ್ತದೆ. ಆಟದ ಹೆಚ್ಚಿನ ಹೊತ್ತು ಪ್ರೇಕ್ಷಕರ ಮೇಲಿನ ದೀಪಗಳನ್ನು ಆರಿಸುವುದೇ ಇಲ್ಲ. ಗೋಡೆಯ ಮೇಲೆ ಸಾಲು ಸಾಲಾಗಿ ಬಂದೂಕುಗಳನ್ನು ತೂಗುಹಾಕಿದ್ದರು, ಮೇಜುಗಳ ಮೇಲೆ ಅಡುಗೆಯ ಪಾತ್ರೆಗಳಿದ್ದವು, ವಿರಾಮದಲ್ಲಿ ನಮಗೆಲ್ಲ ಚಿಲ್ಲಿ ಎಂಬ ಬಿಸಿ ಬಿಸಿ ಗೊಜ್ಜನ್ನೂ ಮೆಕ್ಕೆಜೋಳದ ಬ್ರೆಡ್ಡನ್ನೂ ಬಡಿಸಿದರು. ಊಟ ಹಾಕಿದ ಮನೆಯಲ್ಲೇ ಒಂದು ಕೊಲೆ ನಡೆದು, ಅದನ್ನು ಮುಚ್ಚಿಹಾಕಲು ಊರವರೆಲ್ಲ ಸೇರಿ ಐದು ನಿಮಿಷದಲ್ಲಿ ಪಂಚಾಯಿತಿ ಮುಗಿಸಿಬಿಟ್ಟರೆ, ತಿಂದ ನಾವೂ ಅದರಲ್ಲಿ ಪಾಲುದಾರರಾಗುತ್ತೇವೆ. ಈ ಪ್ರಯೋಗದ ಜೀವ ಇರುವುದೇ ಅಲ್ಲಿ.

ನೀವು ನೋಡಿದ್ದಾದರೋ ಎಲ್ಲರೂ ಎದುರಿನಿಂದಷ್ಟೇ ನೋಡುವ, ಚೌಕಟ್ಟಿನ ರಂಗವಿರುವ ದೊಡ್ಡ ಮಂದಿರದಲ್ಲಿ. ಹಿಂದಿನ ಸಾಲಿನಿಂದ ನೋಡುವವರಿಗೆ ಅದೇ ನಟರು ದೂರದಲ್ಲಿ, ಬೋಳಾದ ಮರದ ಹಲಗೆಗಳ ನಡುವೆ, ಸುಮ್ಮನೆ ಕುಳಿತು ತಗ್ಗಿದ ದನಿಯಲ್ಲಿ ಮಾತಾಡುವವರಂತೆ ಕಂಡಿರಬೇಕು. ಹತ್ತಿರದಲ್ಲಿ ಉಸಿರುಗಟ್ಟಿಸುವ ಮೌನ ದೂರಕ್ಕೆ ಬರಿಯ ನಿಧಾನವಾಗಿಬಿಡುತ್ತದೆ. ಲಂಡನ್ನಿನಲ್ಲಿ ಇದು 2022ರಲ್ಲಿ ಯಂಗ್ ವಿಕ್‌ನಲ್ಲಿ ನಡೆದು, 2023ರಲ್ಲಿ ವಿಂಡ್‌ಹ್ಯಾಮ್ಸ್‌ಗೆ ಹೋಗಿ, ಅತ್ಯುತ್ತಮ ಸಂಗೀತ ನಾಟಕ ಮರುಪ್ರಯೋಗಕ್ಕೆ ಬ್ರಿಟನ್ನಿನ ಒಲಿವಿಯರ್ ಪ್ರಶಸ್ತಿಯನ್ನೂ ಪಡೆಯಿತು. ವಿಂಡ್‌ಹ್ಯಾಮ್ಸ್ ಕೂಡ ಚೌಕಟ್ಟಿನ ರಂಗಮಂದಿರವೇ ಆದ್ದರಿಂದ ನನ್ನ ವಾದಕ್ಕೆ ಅದು ಸ್ವಲ್ಪ ಅಡ್ಡ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಅದು ಚಿಕ್ಕದು, ಅಮೆರಿಕದ ಪ್ರವಾಸಿ ನಾಟಕಗಳು ಬಂದಿಳಿಯುವ ಭವ್ಯ ಮಂದಿರಗಳಿಗೆ ಹೋಲಿಕೆಯಲ್ಲ.

ಹಳೆಯ ರೆಕಾರ್ಡು

ಮೇಲಿನವರು ಎಲ್ಲ ಹೊಣೆಯನ್ನೂ ಕಟ್ಟಡದ ಮೇಲೆ ಹೊರಿಸಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಾನೂ ಈ ಪ್ರಯೋಗವನ್ನು ನ್ಯೂಯಾರ್ಕಿನಲ್ಲಿ, ಹತ್ತಿರದಿಂದಲೇ ನೋಡಿದವನು, ಮತ್ತು ಮೆಚ್ಚದೆ ಹೊರಬಂದವನು.

‘ಒಕ್ಲಹೋಮಾ!’ ಮೊದಲು ರಂಗಕ್ಕೆ ಬಂದದ್ದು ಯುದ್ಧದ ನಡುವೆ, 1943ರ ಮಾರ್ಚ್ 31ರಂದು, ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ. ರಿಚರ್ಡ್ ರಾಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಜೊತೆಯಾಗಿ ಮಾಡಿದ ಮೊದಲ ನಾಟಕ ಅದು. ಪರದೆ ಎದ್ದಾಗ ಕುಣಿಯುವ ಹುಡುಗಿಯರ ದಂಡಿಗೆ ಬದಲಾಗಿ ಒಬ್ಬ ಹೆಂಗಸು ಒಂಟಿಯಾಗಿ ಕೂತು ಬೆಣ್ಣೆ ಕಡೆಯುತ್ತಿದ್ದಳು, ನಾಯಕನ ಹಾಡು ನೇಪಥ್ಯದಿಂದ ತೇಲಿ ಬಂತು. ಅಂದಿನವರಿಗೆ ಅದೇ ಹೊಸತು. ಸಮವಸ್ತ್ರ ತೊಟ್ಟ ಸೈನಿಕರು ಯುದ್ಧಕ್ಕೆ ಹೊರಡುವ ಮುನ್ನ ಅದನ್ನು ನೋಡಿ ಹೋದರು. 2,212 ಪ್ರದರ್ಶನಗಳು ನಡೆದವು. ಅಂಥ ನಾಟಕದ ಬೆಳಗಿನ ಬೆಳಕನ್ನು ಸುಳ್ಳೆಂದು ತೋರಿಸುವುದೇ ಧೈರ್ಯ ಎಂದು ಈಗಿನ ವಿಮರ್ಶಕರು ಭಾವಿಸಿದಂತಿದೆ.

ನನ್ನ ಮುಖ್ಯ ತಕರಾರು ಕೊನೆಯ ದೃಶ್ಯದ ಬಗ್ಗೆ. ಮೂಲದಲ್ಲಿ ದನಗಾಹಿ ನಾಯಕ ಕರ್ಲಿ ಮತ್ತು ನಾಯಕಿ ಲೌರಿಯ ಮದುವೆಯ ದಿನ, ಲೌರಿಯನ್ನು ಬಯಸುತ್ತಿದ್ದ ಕೂಲಿಯಾಳು ಜಡ್ ಕುಡಿದು ಬಂದು ಚಾಕು ಹಿರಿಯುತ್ತಾನೆ, ಹೊಯ್‌ಕೈಯಲ್ಲಿ ತನ್ನ ಚಾಕುವಿನ ಮೇಲೆ ತಾನೇ ಬಿದ್ದು ಸಾಯುತ್ತಾನೆ. ಫಿಶ್ ಅವರ ಪ್ರಯೋಗದಲ್ಲಿ ಜಡ್ ಮದುವೆಯ ಉಡುಗೊರೆಯಾಗಿ ಬಂದೂಕನ್ನು ಕೊಡುತ್ತಾನೆ, ಕರ್ಲಿ ಅದರಿಂದಲೇ ಅವನನ್ನು ಕೊಲ್ಲುತ್ತಾನೆ, ವಧೂವರರ ಬಿಳಿ ಬಟ್ಟೆಯ ಮೇಲೆಲ್ಲ ರಕ್ತ ಚಿಮ್ಮುತ್ತದೆ. ಮಾತುಗಳು ಹೆಚ್ಚುಕಡಿಮೆ ಅವೇ ಇರಬಹುದು. ಆದರೆ ಆತ್ಮರಕ್ಷಣೆ ಕೊಲೆಯಾದ ಮೇಲೆ ‘ಮಾತು ಬದಲಾಗಿಲ್ಲ’ ಎನ್ನುವುದು ವಕೀಲರ ವಾದವೇ ಹೊರತು ರಂಗಕರ್ಮಿಯ ವಾದವಲ್ಲ. ನಮ್ಮ ಕಂಪನಿ ನಾಟಕಗಳ ಕಾಲದಲ್ಲಿ ಜನ ‘ಒನ್ಸ್ ಮೋರ್’ ಎಂದು ಕೂಗಿ ಮೆಚ್ಚಿದ ಹಾಡನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಗೊತ್ತಿದ್ದುದನ್ನು ಮತ್ತೊಮ್ಮೆ ಸವಿಯುವ ಆಸೆ ಕೀಳಾದುದೇನೂ ಅಲ್ಲ. ಎದ್ದು ಹೋದ ಆ ವೃದ್ಧರನ್ನು ಅರಸಿಕರೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ರಂಗಪ್ರಿಯೆ

ಆ ಹಿರಿಯರನ್ನು ನಾನೂ ಅರಸಿಕರೆನ್ನುವುದಿಲ್ಲ. ಆದರೆ ‘ಮೂಲ’ ಎಂದು ‘ಹಳೆಯ ರೆಕಾರ್ಡು’ ಅವರು ಕರೆಯುತ್ತಿರುವುದಕ್ಕೂ ಒಂದು ಮೂಲವಿದೆ. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನ ಲಿನ್ ರಿಗ್ಸ್ ಎಂಬ ಲೇಖಕರ, 1931ರಲ್ಲಿ ರಂಗಕ್ಕೆ ಬಂದ ‘ಗ್ರೀನ್ ಗ್ರೋ ದ ಲೈಲಾಕ್ಸ್’ ನಾಟಕವನ್ನು ಆಧರಿಸಿಯೇ ಈ ಸಂಗೀತ ನಾಟಕ ಹುಟ್ಟಿದ್ದು. ಅಲ್ಲಿಯೂ ಖಳನು ಚಾಕುವಿನ ಮೇಲೆ ಬಿದ್ದೇ ಸಾಯುತ್ತಾನೆ. ಆದರೆ ಕರ್ಲಿಗೆ ಸೆರೆಮನೆ ತಪ್ಪುವುದಿಲ್ಲ. ಹೆಂಡತಿಯೊಡನೆ ಒಂದು ರಾತ್ರಿ ಕಳೆಯಲೆಂದು ಅವನು ಸೆರೆಯಿಂದ ತಪ್ಪಿಸಿಕೊಂಡು ಬರುತ್ತಾನೆ, ಬೆಳಗಾದರೆ ವಿಚಾರಣೆ ಕಾದೇ ಇರುತ್ತದೆ. ಅವನನ್ನು ಹಿಡಿಯಲು ಬಂದವರ ಎದುರು ಊರವರು ತಮ್ಮಲ್ಲಿ ಮೂಲನಿವಾಸಿ ಇಂಡಿಯನ್ನರ ರಕ್ತವಿದೆ, ತಾವು ಅಮೆರಿಕದವರಲ್ಲ ಎಂಬಂತೆ ಮಾತಾಡುತ್ತಾರೆ, ಏಕೆಂದರೆ ಆ ನೆಲ 1907ರಲ್ಲಿ ರಾಜ್ಯವಾಗುವವರೆಗೆ ಬೇರೆಯೇ ಪ್ರಾಂತ್ಯವಾಗಿತ್ತು. 1943ರ ಸಂಗೀತ ನಾಟಕ ಇದನ್ನೆಲ್ಲ ಕೈಬಿಟ್ಟು, ಕರ್ಲಿಯನ್ನು ಲೌರಿಯ ಅತ್ತೆ ಎಲ್ಲರ್ ಎಂಬಾಕೆಯ ಮನೆಯಲ್ಲೇ ಅವಸರದ ವಿಚಾರಣೆ ನಡೆಸಿ ಬಿಡುಗಡೆ ಮಾಡಿತು. ಆ ಅವಸರ ಫಿಶ್ ಸೇರಿಸಿದ್ದಲ್ಲ, ಎಂಬತ್ತು ವರ್ಷಗಳಿಂದ ಪಠ್ಯದಲ್ಲೇ ಇದೆ. ಅದರ ಮೇಲೆ ಮಧುಚಂದ್ರದ ಸಡಗರವನ್ನು ಹೊದಿಸಿದ್ದರಿಂದ ನಾವು ಗಮನಿಸಿರಲಿಲ್ಲ, ಅಷ್ಟೇ. ಬಂದೂಕಿನ ಬದಲಾವಣೆ ಅತಿಯಾಯಿತು ಎಂಬುದನ್ನು ಮಾತ್ರ ನಾನೂ ಅರ್ಧ ಒಪ್ಪುತ್ತೇನೆ, ಚಾಕುವನ್ನೇ ಉಳಿಸಿಕೊಂಡಿದ್ದರೂ ಆ ವಿಚಾರಣೆ ಅಷ್ಟೇ ಇರಿಯುತ್ತಿತ್ತು.

ಇನ್ನು ಪ್ರಶ್ನೆ ಕೇಳಿದವರಿಗೆ ಅರ್ಥವಾಗದ ನೃತ್ಯ. 1943ರಲ್ಲಿ ಆಗ್ನೆಸ್ ಡಿ ಮಿಲ್ ಸಂಯೋಜಿಸಿದ ಲೌರಿಯ ಕನಸಿನ ಬ್ಯಾಲೆ ಮೊದಲ ಅಂಕದ ಕೊನೆಗೆ ಬರುತ್ತಿತ್ತು. ಇಬ್ಬರು ಗಂಡಸರ ನಡುವೆ ಸಿಕ್ಕಿದ ಹುಡುಗಿ ಬಾಯಿಬಿಟ್ಟು ಹೇಳಲಾರದ ಭಯವನ್ನೂ ಬಯಕೆಯನ್ನೂ ಕುಣಿತವೇ ಹೇಳಿದ್ದರಿಂದ, ಸಂಗೀತ ನಾಟಕದ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಈ ಪ್ರಯೋಗದಲ್ಲಿ ಅದು ವಿರಾಮದ ನಂತರಕ್ಕೆ ಸರಿದಿದೆ, ಮತ್ತು ಜಾನ್ ಹೆಗಿನ್‌ಬಾಥಮ್ ಅವರ ಸಂಯೋಜನೆಯಲ್ಲಿ ಒಬ್ಬಳೇ ನರ್ತಕಿ ಬರಿಗಾಲಲ್ಲಿ, ಮಿರುಗುವ ಟೀ ಶರ್ಟ್ ತೊಟ್ಟು, ಕರ್ಕಶವಾದ ಎಲೆಕ್ಟ್ರಿಕ್ ಗಿಟಾರಿನ ಸದ್ದಿಗೆ ಕುಣಿಯುತ್ತಾಳೆ. ಮೇಲಿನಿಂದ ದನಗಾಹಿಗಳ ಬೂಟುಗಳು ದಬದಬನೆ ಉದುರುತ್ತವೆ. ಪ್ರಯೋಗವನ್ನು ಬಹಳ ಮೆಚ್ಚಿದ ವಿಮರ್ಶಕರಲ್ಲೂ ಕೆಲವರಿಗೆ ಈ ಭಾಗ ರುಚಿಸಲಿಲ್ಲ. ಹಾಗಾಗಿ ಅರ್ಥವಾಗಲಿಲ್ಲವೆಂದು ನೀವು ಸಂಕೋಚಪಡಬೇಕಿಲ್ಲ. ಡಿ ಮಿಲ್ ಅವರದು ಕಥೆ ಹೇಳುವ ಕನಸಾಗಿತ್ತು, ಇದು ಕಥೆಯನ್ನು ಬಿಟ್ಟು ಮೈಯ ತಳಮಳವನ್ನಷ್ಟೇ ಹಿಡಿಯುತ್ತದೆ. ನನಗಂತೂ ಮೊದಲ ಐದು ನಿಮಿಷ ರೋಮಾಂಚನವಾಯಿತು, ಆಮೇಲೆ ಬೂಟುಗಳನ್ನು ಎಣಿಸತೊಡಗಿದೆ.

ಎಲ್ಲರೂ ಒಂದಾಗಿ ಮೆಚ್ಚಿದ ಒಂದು ಸಂಗತಿಯನ್ನೂ ಹೇಳಬೇಕು. ಲೌರಿಯ ಗೆಳತಿ ಏಡೊ ಆನಿಯ ಪಾತ್ರದಲ್ಲಿ ಆಲಿ ಸ್ಟ್ರೋಕರ್ ಗಾಲಿಕುರ್ಚಿಯನ್ನು ರಂಗದ ತುಂಬ ಗಿರಗಿರನೆ ತಿರುಗಿಸುತ್ತ ಹಾಡಿದಾಗ ಬ್ರಾಡ್‌ವೇಯಲ್ಲಿ ಪರ, ವಿರೋಧ ಎಂಬ ಭೇದವೇ ಉಳಿಯಲಿಲ್ಲ. ಗಾಲಿಕುರ್ಚಿ ಬಳಸುವ ಕಲಾವಿದರೊಬ್ಬರು ಟೋನಿ ಗೆದ್ದದ್ದು ಅದೇ ಮೊದಲು.

ಬ್ರೂಕ್ಲಿನ್ ವಾಸಿ

ರಿಗ್ಸ್ ಅವರ ವಿಷಯ ಎತ್ತಿದ್ದಕ್ಕೆ ‘ರಂಗಪ್ರಿಯೆ’ಯವರಿಗೆ ವಂದನೆಗಳು. ಒಂದು ಮಾತು ಸೇರಿಸುತ್ತೇನೆ. ಜಡ್ ಪಾತ್ರಧಾರಿ ಪ್ಯಾಟ್ರಿಕ್ ವೇಲ್ ಈ ಪಾತ್ರವನ್ನು 2007ರಲ್ಲಿ ಬಾರ್ಡ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಿನಿಂದಲೂ ಫಿಶ್ ಅವರೊಡನೆ ಮಾಡುತ್ತ ಬಂದವರು. ಹಳೆಯ ಪ್ರಯೋಗಗಳಲ್ಲಿ ಗುಡುಗುವ ರಾಕ್ಷಸನಾಗಿದ್ದ ಜಡ್ ಇವರಲ್ಲಿ ಮೆಲುದನಿಯ, ಯಾರಿಗೂ ಬೇಡವಾದ ಒಬ್ಬ ಕೂಲಿಯಾಳಾದ. ಮೊದಲ ಅಂಕದಲ್ಲಿ ಕರ್ಲಿ ಅವನ ಕೊಠಡಿಗೆ ಹೋಗಿ, ‘ನೀನು ನೇಣು ಹಾಕಿಕೊಂಡರೆ ಊರವರೆಲ್ಲ ಎಷ್ಟು ಅಳುತ್ತಾರೆ ನೋಡು’ ಎಂಬ ಧಾಟಿಯಲ್ಲಿ ಹಾಡುತ್ತಾನಲ್ಲ, ಅದು ದಶಕಗಳ ಕಾಲ ನಗೆಹಾಡಾಗಿತ್ತು. ಇಲ್ಲಿ ಆ ದೃಶ್ಯಕ್ಕೆ ಇಡೀ ರಂಗಮಂದಿರ ಕತ್ತಲಾಗುತ್ತದೆ, ಜಡ್‌ನ ಮುಖವನ್ನು ಕ್ಯಾಮರಾ ಹತ್ತಿರದಿಂದ ಹಿಡಿದು ಗೋಡೆಯಷ್ಟು ದೊಡ್ಡದಾಗಿ ತೋರಿಸುತ್ತದೆ. ಒಂದು ಅಕ್ಷರವೂ ಬದಲಾಗದೆ ತಮಾಷೆ ಹಿಂಸೆಯಾಗುತ್ತದೆ. ‘ಹಳೆಯ ರೆಕಾರ್ಡು’ ಅವರೇ, ಬಂದೂಕಿನ ಬಗ್ಗೆ ನಿಮ್ಮ ಮಾತು ಸರಿಯಿರಬಹುದು, ಆದರೆ ಈ ದೃಶ್ಯದಲ್ಲಿ ಫಿಶ್ ಏನನ್ನು ತಿರುಚಿದ್ದಾರೆ?

ಹಳೆಯ ರೆಕಾರ್ಡು

ಏನನ್ನೂ ಇಲ್ಲ. ಅಲ್ಲಿ ನಾನು ಸೋತೆ. ಚಿಕ್ಕಂದಿನಿಂದ ಆ ಹಾಡಿಗೆ ನಗುತ್ತ ಬಂದವನಿಗೆ ಆ ಕತ್ತಲಲ್ಲಿ ನಗಲಾಗಲಿಲ್ಲ, ಮನೆಗೆ ಬಂದು ಹಳೆಯ ರೆಕಾರ್ಡು ಹಾಕಿದಾಗಲೂ ಆಗಲಿಲ್ಲ. ನನ್ನ ಸಿಟ್ಟಿಗೆ ಅದೂ ಒಂದು ಕಾರಣವಾಗಿರಬಹುದು.

ಹೊರನಾಡಿಗ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಓದುತ್ತಿರುವಾಗ ನಾನು ತಪ್ಪಾಗಿ ಊಹಿಸಿದ್ದ ಒಂದು ಸಂಗತಿ ಹೊಳೆಯಿತು. ಪಕ್ಕದವರು ರಕ್ತಕ್ಕೋ ನೃತ್ಯಕ್ಕೋ ಬೇಸತ್ತು ಎದ್ದು ಹೋದರೆಂದು ಇಷ್ಟು ದಿನ ಎಂದುಕೊಂಡಿದ್ದೆ. ಆದರೆ ಅವರು ಹೋದದ್ದು ವಿರಾಮದಲ್ಲಿ. ಆ ಎರಡನ್ನೂ ಅವರು ನೋಡಿಯೇ ಇರಲಿಲ್ಲ. ಅದಕ್ಕೆ ಮುನ್ನ ಅವರು ಪೂರ್ತಿ ಕುಳಿತು ನೋಡಿದ್ದು ಜಡ್‌ನ ಕೊಠಡಿಯ ಆ ಕತ್ತಲ ದೃಶ್ಯವನ್ನು. ದೀಪ ಮತ್ತೆ ಬಂದಾಗ ಅವರು ಹೆಂಡತಿಯ ಕಡೆ ಬಾಗಿ, ‘ನಾವು ಶಾಲೆಯಲ್ಲಿ ಮಾಡಿದಾಗ ಎಲ್ಲರೂ ಇದಕ್ಕೆ ಬಿದ್ದು ಬಿದ್ದು ನಕ್ಕಿದ್ದರು’ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು.