ಸಿಟ್‌ಕಾಮ್ ಶೂಟಿಂಗ್ ನೋಡಕ್ಕೆ ಹೋಗ್ತಿದೀನಿ, ಡೈರೆಕ್ಟರ್ ಕೆಲ್ಸ ಎಲ್ಲಿ ಕಾಣುತ್ತೆ? ಅನುಭವ ಇದ್ದೋರು ಹೇಳಿ

ಹವ್ಯಾಸಿ_ಮೈಸೂರು:

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ನಮ್ದೊಂದು ಸಣ್ಣ ಹವ್ಯಾಸಿ ತಂಡ ಇದೆ, ವರ್ಷಕ್ಕೆ ಎರಡು ನಾಟಕ ಮಾಡ್ತೀವಿ, ಅದ್ರಲ್ಲೊಂದು ನಗೆನಾಟಕ ಇದ್ದೇ ಇರುತ್ತೆ. ಮುಂದಿನ ತಿಂಗಳು ಲಾಸ್ ಏಂಜಲೀಸ್‌ಗೆ ಅಕ್ಕನ ಮನೆಗೆ ಹೋಗ್ತಿದೀನಿ, ಭಾವ ಅಲ್ಲಿ ಒಂದು ಸಿಟ್‌ಕಾಮ್ (ಟೀವಿ ಹಾಸ್ಯ ಧಾರಾವಾಹಿ) ಟೇಪಿಂಗ್‌ಗೆ, ಅಂದ್ರೆ ಜನರ ಮುಂದೆ ನಡೆಯೋ ಶೂಟಿಂಗ್‌ಗೆ, ಟಿಕೆಟ್ ತೆಗ್ದಿಟ್ಟಿದಾರೆ, ಫ್ರೀ ಅಂತೆ. ವಾಪಸ್ ಬಂದ್ಮೇಲೆ ನಮ್ಮ ತಂಡದೋರನ್ನೇ ಇಟ್ಕೊಂಡು ಯೂಟ್ಯೂಬಿಗೆ ಆರು ಎಪಿಸೋಡ್ ಮಾಡ್ಬೇಕು ಅಂತ ಆಸೆ. ನಂಗೆ ತಲೆಗೆ ಹೋಗ್ದೇ ಇರೋದು ಒಂದೇ, ಇದ್ರಲ್ಲಿ ಡೈರೆಕ್ಟರ್ ಮಾಡೋದಾದ್ರೂ ಏನು? ಫ್ರೆಂಡ್ಸ್ ಅನ್ನೋ ಸಿಟ್‌ಕಾಮ್ ಹತ್ತು ಸಲ ನೋಡಿದೀನಿ, ಒಬ್ಬ ಡೈರೆಕ್ಟರ್ ಹೆಸ್ರು ಕೇಳಿದ್ರೂ ಬಾಯಿಗೆ ಬರಲ್ಲ. ಅಲ್ಲಿ ಕೂತಾಗ ಯಾವ ಕಡೆ ಕಣ್ಣಿಡ್ಬೇಕು, ಗೊತ್ತಿರೋರು ಹೇಳಿ ಪ್ಲೀಸ್.

ಬರ್ಬ್ಯಾಂಕ್_ಅಕ್ಕ:

ನಾನು ಆರೇಳು ಸಲ ಹೋಗಿದೀನಿ, ಊರಿಂದ ಯಾರ್ ಬಂದ್ರೂ ಕರ್ಕೊಂಡ್ ಹೋಗೋದೇ ನನ್ ಕೆಲ್ಸ ಆಗ್ಬಿಟ್ಟಿದೆ. ಮೊದ್ಲು ಹೇಳೋದು, ಟಿಕೆಟ್ ಇದೆ ಅಂದ್ರೆ ಸೀಟ್ ಇದೆ ಅಂತಲ್ಲ. ಖಾಲಿ ಸೀಟು ಕಾಣಬಾರದು ಅಂತ ಇರೋ ಸೀಟಿಗಿಂತ ಜಾಸ್ತಿ ಟಿಕೆಟ್ ಕೊಟ್ಟಿರ್ತಾರೆ, ಮೊದ್ಲು ಬಂದೋರಿಗೆ ಮೊದ್ಲು. ಒಂದ್ಸಲ ನಮ್ಮ ಮಾವ ಅತ್ತೇನ ಕರ್ಕೊಂಡು ಹೋಗಿ ಬಿಸಿಲಲ್ಲಿ ಒಂದೂವರೆ ಗಂಟೆ ನಿಂತು, ನಮಗಿಂತ ನಾಲ್ಕು ಜನ ಮುಂದಕ್ಕೆ ಲೈನ್ ಕಟ್ ಮಾಡಿದ್ರು, ಅತ್ತೆ ಇವತ್ತಿಗೂ ಆಡ್ಕೊಳ್ತಾರೆ. ಬೇಗ ಹೋಗಿ. ಐಡಿ ಇಟ್ಕೊಳ್ಳಿ. ಮೊಬೈಲ್ ಒಳಗಡೆ ಬಿಡಲ್ಲ. ಒಳಗೆ ಎಸಿ ಎಷ್ಟಿರುತ್ತೆ ಅಂದ್ರೆ ಜುಲೈ ತಿಂಗಳಲ್ಲೂ ಸ್ವೆಟರ್ ಬೇಕು, ಸುಮ್ನೆ ಹೇಳ್ತಿಲ್ಲ. ಟೀವಿಲಿ 22 ನಿಮಿಷ ಬರೋದಕ್ಕೆ ಅಲ್ಲಿ ನಾಲ್ಕೈದು ಗಂಟೆ ಕೂರ್ಬೇಕು. ಮಧ್ಯದಲ್ಲಿ ಜನ ತೂಕಡಿಸಬಾರದು ಅಂತ ವಾರ್ಮಪ್‌ಗೆ ಒಬ್ಬ ಕಾಮಿಡಿಯನ್ ಇಟ್ಟಿರ್ತಾರೆ, ಅವನು ಜೋಕ್ ಹೇಳ್ತಾನೆ, ಕುಣಿಸ್ತಾನೆ, ಚಾಕ್ಲೇಟ್ ಎಸೀತಾನೆ. ಪಾಪ, ಆ ರಾತ್ರಿ ಅವನಷ್ಟು ದುಡಿಯೋನು ಇನ್ಯಾರೂ ಇರಲ್ಲ.

ಇನ್ನೊಂದು, ಎಲ್ಲಾ ಸೆಟ್ಟೂ ನಿಮ್ಮ ಸೀಟಿಂದ ಕಾಣಲ್ಲ. ಸಾಲಾಗಿ ಮೂರ್ನಾಲ್ಕು ಸೆಟ್ ಹಾಕಿರ್ತಾರೆ, ಆ ತುದಿಲಿ ಸೀನ್ ನಡೀತಿದ್ರೆ ತಲೆ ಮೇಲಿರೋ ಮಾನಿಟರ್‌ಲಿ ನೋಡ್ಕೋಬೇಕು. ಡೈರೆಕ್ಟರ್ ಬಗ್ಗೆ ಕೇಳಿದ್ರೆ ನಂಗೆ ನಿಜವಾಗ್ಲೂ ಗೊತ್ತಿಲ್ಲ ಕಣ್ರಿ, ಕ್ಯಾಮೆರಾ ಹಿಂದೆ ಹತ್ತಾರು ಜನ ಗುಂಪಾಗಿ ನಿಂತಿರ್ತಾರೆ, ಅದ್ರಲ್ಲಿ ಯಾರು ಡೈರೆಕ್ಟರ್ ಅಂತಾನೇ ನಂಗಿನ್ನೂ ಗೊತ್ತಾಗಿಲ್ಲ.

ಕಟ್ಟಿಂಗ್_ರೂಮ್:

ಅಕ್ಕ ಕೊನೇಲಿ ಹೇಳಿದ್ರಲ್ಲ, ಯಾರು ಡೈರೆಕ್ಟರ್ ಅಂತ ಗೊತ್ತಾಗಲ್ಲ ಅಂತ, ಉತ್ತರ ಅಲ್ಲೇ ಇದೆ. ನಾನು ಎರಡು ವರ್ಷ ಒಂದು ಮಲ್ಟಿಕ್ಯಾಮ್ ಶೋನಲ್ಲಿ, ಅಂದ್ರೆ ಒಂದೇ ಸಲಕ್ಕೆ ಹಲವು ಕ್ಯಾಮೆರಾ ಇಟ್ಟು ತೆಗೆಯೋದ್ರಲ್ಲಿ, ಎಡಿಟಿಂಗ್ ವಿಭಾಗದಲ್ಲಿ ಅಸಿಸ್ಟೆಂಟ್ ಆಗಿದ್ದೆ, ಹೆಸ್ರು ಬೇಡ. ನಾನು ಕಂಡಿದ್ದು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಟೀವಿಲಿ ಯಜಮಾನ ಡೈರೆಕ್ಟರ್ ಅಲ್ಲ, ಬರೆಯೋನು. ಶೋರನ್ನರ್ ಅಂತಾರೆ, ಕಥೆ ಅವನದ್ದು, ಕೊನೇ ಮಾತು ಅವನದ್ದು. ಡೈರೆಕ್ಟರ್ ಎಷ್ಟೋ ಶೋಗಳಲ್ಲಿ ವಾರದ ಅತಿಥಿ, ಬರ್ತಾನೆ, ಒಂದು ಎಪಿಸೋಡ್ ಮಾಡ್ತಾನೆ, ಹೋಗ್ತಾನೆ. ನೀವು ಕೇಳಿದ ಫ್ರೆಂಡ್ಸ್ ತಗೊಳ್ಳಿ, 236 ಎಪಿಸೋಡು, ತುಂಬಾ ಜನ ಡೈರೆಕ್ಟರ್‌ಗಳು. ಪೈಲಟ್, ಅಂದ್ರೆ ಶೋನ ಮೊಟ್ಟಮೊದ್ಲ ಎಪಿಸೋಡ್, ಮಾಡಿದ್ದು ಜೇಮ್ಸ್ ಬರೋಸ್, 2004ರಲ್ಲಿ ಕೊನೇ ಎಪಿಸೋಡ್ ಮಾಡಿದ್ದು ಕೆವಿನ್ ಬ್ರೈಟ್, ಮಧ್ಯೆ ರಾಸ್ ಪಾತ್ರ ಮಾಡಿದ ಡೇವಿಡ್ ಶ್ವಿಮ್ಮರೇ ಹತ್ತು ಮಾಡಿದಾರೆ. ಹಾಗಂತ ಎಲ್ಲಾ ಕಡೆ ಹೀಗೇ ಅಂತಲ್ಲ, ಹೌ ಐ ಮೆಟ್ ಯುವರ್ ಮದರ್ ಅನ್ನೋ ಶೋನಲ್ಲಿ 208ರಲ್ಲಿ 196 ಪಮೇಲಾ ಫ್ರೈಮನ್ ಒಬ್ಬರೇ ಮಾಡಿದ್ದು, ಬಿಗ್ ಬ್ಯಾಂಗ್ ಥಿಯರಿಲಿ ಬಹುಪಾಲು ಮಾರ್ಕ್ ಸೆಂಡ್ರೌಸ್ಕಿ. ಹೆಸ್ರು ಯಾರಿಗೂ ನೆನಪಿರಲ್ಲ, ಅದು ಬೇರೆ ವಿಷ್ಯ.

ಒಂದು ವಾರ ಹೆಂಗೆ ಹೋಗುತ್ತೆ ಅಂದ್ರೆ, ಮೊದ್ಲ ದಿನ ಟೇಬಲ್ ರೀಡ್, ಎಲ್ರೂ ಕೂತು ಸ್ಕ್ರಿಪ್ಟ್ ಜೋರಾಗಿ ಓದ್ತಾರೆ, ನಮ್ಮ ನಾಟಕದ ವಾಚನ ಇದ್ದಂಗೆ. ಎಲ್ಲಿ ನಗು ಬರ್ಲಿಲ್ವೋ ಅಲ್ಲಿ ಬರೆಯೋರು ಗುರುತು ಹಾಕ್ಕೊಂಡು ರಾತ್ರಿ ಕೂತು ತಿದ್ದುತಾರೆ. ಎರಡು ಮತ್ತು ಮೂರನೇ ದಿನ ತಾಲೀಮು, ಇಲ್ಲಿ ಡೈರೆಕ್ಟರ್ ರಾಜ್ಯ. ಯಾರು ಎಲ್ಲಿಂದ ಬರ್ಬೇಕು, ಯಾವ ಮಾತಿಗೆ ಏಳ್ಬೇಕು, ಕೈಲಿ ಏನಿರ್ಬೇಕು, ಎಲ್ಲಾ ಅಲ್ಲೇ ಹುಟ್ಟೋದು. ಮಧ್ಯಾಹ್ನದ ಮೇಲೆ ಬರೆಯೋರ ಮುಂದೆ ರನ್-ಥ್ರೂ, ಅಂದ್ರೆ ಮೊದ್ಲಿಂದ ಕೊನೇವರೆಗೆ ಒಂದ್ಸಲ ಆಡಿ ತೋರಿಸೋದು, ಮಾರನೇ ದಿನ ಸ್ಟುಡಿಯೋ, ಚಾನೆಲ್‌ನೋರ ಮುಂದೆ ರನ್-ಥ್ರೂ, ಪ್ರತಿ ಸಲಾನೂ ಅರ್ಧ ಸ್ಕ್ರಿಪ್ಟ್ ಬದಲು. ನಾಲ್ಕನೇ ದಿನ ಕ್ಯಾಮೆರಾ ಬ್ಲಾಕಿಂಗ್, ನಾಲ್ಕು ಕ್ಯಾಮೆರಾ, ಯಾವ ಮಾತಿಗೆ ಯಾವ್ದು ಎಲ್ಲಿರ್ಬೇಕು ಅಂತ ನೆಲದ ಮೇಲೆ ಟೇಪ್ ಅಂಟಿಸಿ ಗುರುತು. ಐದನೇ ದಿನ ನೀವು ಬಂದು ಕೂರ್ತೀರಿ. ಅಷ್ಟೊತ್ತಿಗೆ ಡೈರೆಕ್ಟರ್ ಕೆಲ್ಸ ಮುಕ್ಕಾಲು ಮುಗಿದಿರುತ್ತೆ, ಅದಕ್ಕೇ ಕಾಣಲ್ಲ. ಎಡಿಟಿಂಗಲ್ಲೂ ಅಷ್ಟೇ, ಮೊದ್ಲ ಕಟ್ ಡೈರೆಕ್ಟರ್ ಹಕ್ಕು, ಡೈರೆಕ್ಟರ್‌ಗಳ ಯೂನಿಯನ್ ಒಪ್ಪಂದದಲ್ಲೇ ಇದೆ, ಆದ್ರೆ ಅದು ಮುಗಿದ ಕೂಡ್ಲೇ ಶೋರನ್ನರ್ ಬಂದು ಪಕ್ಕ ಕೂತ್ಕೋತಾನೆ, ಡೈರೆಕ್ಟರ್ ಆಗ್ಲೇ ಬೇರೆ ಶೋಗೆ ಹೋಗಿಯಾಗಿರುತ್ತೆ.

ಇನ್ನು ಬರೋಸ್ ವಿಷ್ಯ ನೀವು ನಾಟಕದೋರು ಅಂತ ಹೇಳ್ಲೇಬೇಕು. ಅವರಪ್ಪ ಏಬ್ ಬರೋಸ್ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇನಲ್ಲಿ ದೊಡ್ಡ ಹೆಸ್ರು, ಇವ್ರು ಅಲ್ಲೇ ರಂಗದ ಹಿಂದೆ ಸ್ಟೇಜ್ ಮ್ಯಾನೇಜರ್ ಆಗಿ ಕೆಲ್ಸ ಕಲ್ತೋರು. ಅಲ್ಲಿ ಪರಿಚಯ ಆಗಿದ್ದ ಟೀವಿ ನಟಿ ಮೇರಿ ಟೈಲರ್ ಮೂರ್‌ಗೆ ಒಂದು ಕಾಗದ ಬರೆದು ಟೀವಿಗೆ ಬಂದ್ರು, 1974ರಲ್ಲಿ, ಆಮೇಲೆ ಸಾವಿರ ಎಪಿಸೋಡ್ ದಾಟಿಸಿದ್ರು. ಚಿಯರ್ಸ್ ಅನ್ನೋ ಶೋನ 1982ರಲ್ಲಿ ಚಾರ್ಲ್ಸ್ ಸಹೋದರರ ಜೊತೆ ಸೇರಿ ಹುಟ್ಟುಹಾಕಿದ್ದು ಇವ್ರೇ, ವಿಲ್ ಅಂಡ್ ಗ್ರೇಸ್‌ನ ಒಂದೊಂದು ಎಪಿಸೋಡೂ ಇವರದ್ದೇ. ಮಜಾ ಏನಂದ್ರೆ ಶೂಟಿಂಗ್ ಹೊತ್ತಲ್ಲಿ ಇವ್ರು ಮಾನಿಟರ್ ಮುಂದೆ ಕೂರೋ ಆಸಾಮಿ ಅಲ್ಲ. ಕ್ಯಾಮೆರಾಗಳ ಹಿಂದೆ ಆ ಕಡೆಯಿಂದ ಈ ಕಡೆ ಓಡಾಡ್ತಾ ಕೇಳಿಸ್ಕೋತಾರೆ. ತಾಳ ತಪ್ಪಿದ್ರೆ ಕಿವಿಗೆ ಗೊತ್ತಾಗುತ್ತೆ. ಸಂಗೀತ ಕಛೇರಿಲಿ ಕಣ್ಮುಚ್ಚಿ ತೊಡೆ ತಟ್ತಾ ಕೂರೋ ಹಿರಿಯರು ಇರ್ತಾರಲ್ಲ, ಹಂಗೆ.

ಒಂದು ಹೋಂವರ್ಕ್: ಹೋಗೋಕ್ಕೆ ಮುಂಚೆ ಚಿಯರ್ಸ್‌ನ ಯಾವ್ದಾದ್ರೂ ನಾಲ್ಕು ಎಪಿಸೋಡ್ ನೋಡಿ, ಅದ್ರಲ್ಲಿ ನಾರ್ಮ್ ಅಂತ ದಪ್ಪನೆ ಗಿರಾಕಿ ಒಳಗೆ ಬರೋದು ಮಾತ್ರ ಗಮನಿಸಿ. ಬಾಗಿಲು ತೆಗೀತಾನೆ, ಇಡೀ ಬಾರ್ ಅವನ ಹೆಸ್ರು ಕೂಗುತ್ತೆ, ಅವನು ಮೆಟ್ಲಿಳಿದು ತನ್ನ ಸ್ಟೂಲ್ ಕಡೆ ನಡೀತಾನೆ, ಕೌಂಟರ್‌ನೋನು ಹೆಂಗಿದೀಯ ಅಂತ ಏನೋ ಕೇಳ್ತಾನೆ, ಇವನು ಒಂದು ಉತ್ತರ ಕೊಡ್ತಾನೆ, ನಗು, ಅಷ್ಟೊತ್ತಿಗೆ ಕೂತಾಗಿರುತ್ತೆ. ಬಾಗಿಲಿಂದ ಸ್ಟೂಲ್‌ವರೆಗಿನ ದೂರಾನೇ ಆ ಜೋಕಿನ ಉದ್ದ. ಸ್ಟೂಲ್ ಬಾಗಿಲ ಪಕ್ಕಾನೇ ಇದ್ದಿದ್ರೆ ಆ ಜೋಕ್ ಹುಟ್ತಾನೇ ಇರ್ಲಿಲ್ಲ. ಸೆಟ್ಟಲ್ಲಿ ಯಾವ್ದು ಎಲ್ಲಿರ್ಬೇಕು ಅನ್ನೋದು ಪೈಲಟ್ ಹೊತ್ತಲ್ಲೇ ತೀರ್ಮಾನ ಆಗೋದು, ಆಮೇಲೆ ಬರೋ ಡೈರೆಕ್ಟರ್‌ಗಳೆಲ್ಲಾ ಅದೇ ಮನೇಲಿ ಸಂಸಾರ ಮಾಡ್ಬೇಕು. ಪೈಲಟ್ ಡೈರೆಕ್ಟ್ ಮಾಡಿದೋರಿಗೆ ಶೋ ಓಡೋ ತನಕ ರಾಯಲ್ಟಿ ಬರೋದೂ ಅದಕ್ಕೇ.

ಧಾರವಾಡ_ಫೇಡಾ:

ಎಲ್ಲಾ ಖರೇ ಅದರೀ, ಆದ್ರ ಆ ನಗಿ ಎಲ್ಲಾ ಡಬ್ಬಿ ನಗಿ ಅಲ್ಲೇನ್ರಿ? ಬಟನ್ ಒತ್ತಿದ್ರ ನಗ್ತಾರ, ಬಿಟ್ರ ಸುಮ್ನಾಗ್ತಾರ. ಅದಕ್ಕ ಹೋಗಿ ಐದು ತಾಸು ಥಂಡ್ಯಾಗ ಕುಂದರೂದು ಯಾಕ ಅಂತೀನಿ.

ಕಟ್ಟಿಂಗ್_ರೂಮ್:

ಫೇಡಾ ಅವರೇ, ಅರ್ಧ ನಿಜ. ಡಬ್ಬಿ ನಗು ಇತ್ತು, 1950ರ ದಶಕದಲ್ಲಿ ಸಿಬಿಎಸ್ ಚಾನೆಲ್‌ನ ಚಾರ್ಲಿ ಡಗ್ಲಸ್ ಅನ್ನೋ ಸೌಂಡ್ ಇಂಜಿನಿಯರ್ ಒಂದು ಪೆಟ್ಟಿಗೆ ಮಾಡಿದ್ರು, ಟೈಪ್‌ರೈಟರ್ ಥರ ಕೀಲಿ, ಒಂದು ಒತ್ತಿದ್ರೆ ಮುಸಿಮುಸಿ ನಗು, ಇನ್ನೊಂದು ಒತ್ತಿದ್ರೆ ಗೊಳ್ಳಂತ. ಜನ ಇಲ್ದೇ ಶೂಟ್ ಮಾಡಿದ ಶೋಗಳಿಗೆಲ್ಲಾ ಅದನ್ನೇ ಸುರೀತಿದ್ರು. ಮ್ಯಾಷ್ ಅಂತ ಒಂದು ಶೋ, 1972ರಲ್ಲಿ ಶುರು, ಕೊರಿಯಾ ಯುದ್ಧದ ಆಸ್ಪತ್ರೆ ಕಥೆ, ಅದಕ್ಕೂ ನಗು ಹಾಕ್ಲೇಬೇಕು ಅಂತ ಚಾನೆಲ್‌ನೋರು ಹಟ ಹಿಡಿದ್ರು, ಮಾಡೋರು ಜಗಳ ಆಡಿ ಆಪರೇಷನ್ ಥಿಯೇಟರ್ ಸೀನಲ್ಲಿ ಮಾತ್ರ ನಗು ಇರಕೂಡದು ಅಂತ ಒಪ್ಪಿಸಿದ್ರು. ರಕ್ತ ಸುರೀತಿರುವಾಗ ಯಾರ್ ನಗ್ತಾರೆ ಹೇಳಿ. ಹೌ ಐ ಮೆಟ್ ಯುವರ್ ಮದರ್ ಇನ್ನೊಂದು ಥರ, ಸೀನ್‌ಗಳು ತುಂಡು ತುಂಡು, ಹಿಂದೆ ಮುಂದೆ ಹಾರುತ್ತೆ, ಜನರ ಮುಂದೆ ಮಾಡೋಕ್ಕಾಗಲ್ಲ, ಅದಕ್ಕೆ ಎಡಿಟ್ ಆದ್ಮೇಲೆ ಜನರಿಗೆ ತೋರಿಸಿ ಅವರ ನಗು ರೆಕಾರ್ಡ್ ಮಾಡ್ಕೋತಿದ್ರು.

ಆದ್ರೆ ಇವರು ಹೋಗ್ತಿರೋಂಥ ಶೋನಲ್ಲಿ ನಗು ಅಲ್ಲಿ ಕೂತೋರದ್ದೇ, ತಲೆ ಮೇಲೆ ಮೈಕ್ ನೇತಾಡ್ತಿರುತ್ತೆ ನೋಡಿ. ನಾವು ಎಡಿಟಿಂಗಲ್ಲಿ ಮಾಡ್ತಿದ್ದುದು ಜಾಸ್ತಿ ಏನಂದ್ರೆ ನಗು ಕತ್ತರಿಸೋದು, ತುಂಬಾ ಹೊತ್ತು ನಕ್ರೆ 22 ನಿಮಿಷಕ್ಕೆ ಕೂರಲ್ವಲ್ಲ. ಮತ್ತೆ ಜೋಡಿಸಿದ ಜಾಗದಲ್ಲಿ ನಗು ಕಿತ್ತೋದಂಗೆ ಕೇಳಿದ್ರೆ ಒಂಚೂರು ತುಂಬ್ಸೋದು.

ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಅಂತ ಕೂಗ್ತಿದ್ರಲ್ಲ, ಇಲ್ಲಿ ಉಲ್ಟಾ, ಜನ ಕೇಳ್ದೇ ಇದ್ರೂ ಎರಡೆರಡು ಸಲ ಮಾಡ್ತಾರೆ. ಎರಡನೇ ಸಲ ಅದೇ ಜೋಕಿಗೆ ಜನ ಅಷ್ಟು ನಗಲ್ಲ. ಆಗ ನೋಡಿ ಬರೆಯೋರ ಗುಂಪು ಸೆಟ್ ಮುಂದೆ ತಲೆ ತಲೆ ಸೇರಿಸಿ ನಿಂತಿರುತ್ತೆ, ಒಬ್ಬ ಓಡಿ ಹೋಗಿ ನಟನ ಕಿವಿಲಿ ಹೊಸ ಸಾಲು ಹೇಳ್ತಾನೆ, ಮುಂದಿನ ಟೇಕಲ್ಲಿ ಅದು ಬರುತ್ತೆ, ಜನಕ್ಕೆ ಅಚ್ಚರಿ, ಜೋರು ನಗು. ಅವಾಗ್ಲೇ ಡೈರೆಕ್ಟರ್‌ನ ನೋಡ್ಬೇಕು, ಹೊಸ ಸಾಲು ಉದ್ದ ಇದ್ರೆ ನಟನ ನಡಿಗೆ, ಕ್ಯಾಮೆರಾ ಎಲ್ಲಾ ಒಂದೇ ನಿಮಿಷದಲ್ಲಿ ಬದಲಾಯಿಸ್ಬೇಕು.

ಮೂರ್_ಮೊಬೈಲ್:

ನಾವು ಬೆಂಗಳೂರಲ್ಲಿ ಇದನ್ನ ಮಾಡಿ ಕೈ ಸುಟ್ಕೊಂಡೋರು, ನಮ್ಮ ಕಥೆ ಕೇಳಿ ಹುಷಾರಾಗಿ. ಒಂದು ಹಾಲ್ ತಗೊಂಡು ಮೂರು ಮೊಬೈಲ್ ಸ್ಟ್ಯಾಂಡಿಗಿಟ್ಟು, ಗೆಳೆಯರು ನೆಂಟರು ಅಂತ ನಲವತ್ತು ಜನ ಕೂರಿಸಿ ಒಂದು ಎಪಿಸೋಡ್ ಶೂಟ್ ಮಾಡಿದ್ವಿ. ಮೊದ್ಲ ತಪ್ಪು ಲೈಟಿಂದು. ನಾಟಕದ ಥರ ಪಕ್ಕದಿಂದ ಸ್ಪಾಟ್ ಹಾಕಿದ್ವಿ, ನಡುವಿನ ಮೊಬೈಲಲ್ಲಿ ಏನೋ ಚೆನ್ನಾಗೇ ಇತ್ತು, ಎಡಗಡೆದ್ರಲ್ಲಿ ನೋಡಿದ್ರೆ ಅಮ್ಮನ ಪಾತ್ರದ ನೆರಳು ಮಗನ ಮುಖದ ಮೇಲೆ, ಇಡೀ ಸೀನ್ ಅವನು ಗ್ರಹಣ ಹಿಡಿದೋನ್ ಥರ ಕೂತಿದಾನೆ. ಆಮೇಲೆ ಓದಿ ತಿಳ್ಕೊಂಡಿದ್ದು, 1951ರಲ್ಲಿ ಐ ಲವ್ ಲೂಸಿ ಮಾಡುವಾಗ್ಲೂ ಇದೇ ತಲೆನೋವಂತೆ. ಚಾನೆಲ್‌ನೋರು ನ್ಯೂಯಾರ್ಕಿಂದ ಲೈವ್ ಮಾಡಿ ಅಂದ್ರು, ಲೂಸಿಲ್ ಬಾಲ್, ಡೆಸಿ ಅರ್ನಾಜ್ ಗಂಡ ಹೆಂಡ್ತಿ ಹಾಲಿವುಡ್ ಬಿಟ್ಟು ಬರಲ್ಲ ಅಂತ ಕೂತು, ಮೂರು ಫಿಲ್ಮ್ ಕ್ಯಾಮೆರಾ ಇಟ್ಟು ಜನರ ಮುಂದೆ ನಾಟಕದ ಥರ ಮಾಡಿದ್ರು. ಮೂರು ಕಡೆಯಿಂದ್ಲೂ ಒಂದೇ ಸಲಕ್ಕೆ ಸರಿ ಕಾಣೋಂಗೆ ಲೈಟ್ ಹಾಕಿದ್ದು ಕಾರ್ಲ್ ಫ್ರಾಯ್ಂಡ್, ಜರ್ಮನಿಲಿ ಮೆಟ್ರೊಪೊಲಿಸ್ ಸಿನಿಮಾಗೆ ಕ್ಯಾಮೆರಾ ಹಿಡಿದಿದ್ದ ಮನುಷ್ಯ. ಮೇಲಿಂದ ಎಲ್ಲಾ ಕಡೆಗೂ ಒಂದೇ ಸಮ ಬೆಳಕು. ಚಪ್ಪಟೆಯಾಗಿ ಕಾಣುತ್ತೆ ಅಂತ ಬೈಯೋರು ಬೈತಾರೆ, ನಾನಂತೂ ಇನ್ಮೇಲೆ ಬೈಯಲ್ಲ. ಆ ಫಿಲ್ಮ್ ಅವರದ್ದೇ ಸ್ವತ್ತಾಗಿ ಉಳೀತು, ಮರುಪ್ರಸಾರದ ದುಡ್ಡು ಏನು ಅಂತ ಇಂಡಸ್ಟ್ರಿಗೆ ಗೊತ್ತಾಗಿದ್ದೇ ಅವಾಗ.

ಎರಡನೇ ತಪ್ಪು ಇನ್ನೂ ದೊಡ್ಡದು. ನಮ್ಮ ನಟರಿಗೆ ಜನ ನಗೋಕ್ಕೆ ಜಾಗ ಬಿಡೋದು ಬರುತ್ತೆ, ಆದ್ರೆ ತಾಲೀಮಲ್ಲಿ ಗುರುತು ಮಾಡಿದ್ದ ಜಾಗದಲ್ಲಿ ಮಾತ್ರ. ಅವತ್ತು ಅಪ್ಪನ ಪಾತ್ರದೋನು ಕಾಫಿ ಲೋಟ ಎತ್ತಿ, ಖಾಲಿ ಇದೆ ಅಂತ ಗೊತ್ತಾಗಿ, ಸುಮ್ನೆ ತಿರುಗಿ ಹೆಂಡ್ತಿನ ನೋಡಿದ ಅಷ್ಟೇ, ಜನ ಬಿದ್ದು ಬಿದ್ದು ನಕ್ರು. ಸ್ಕ್ರಿಪ್ಟಲ್ಲಿ ಅಲ್ಲಿ ಜೋಕೇ ಇಲ್ಲ. ಹೆಂಡ್ತಿ ಪಾತ್ರದೋಳು ಗಾಬರಿಯಾಗಿ ಮುಂದಿನ ಮಾತು ಹೇಳ್ಬಿಟ್ಳು, ಅದ್ರಲ್ಲೇ ಕಥೆಯ ಮುಖ್ಯ ವಿಷ್ಯ ಇತ್ತು, ನಗುವಲ್ಲಿ ಮುಚ್ಚೋಯ್ತು. ಮತ್ತೆ ಟೇಕ್ ತಗೊಂಡ್ವಿ, ಲೋಟಕ್ಕೆ ಯಾರೂ ನಗ್ಲಿಲ್ಲ. ಎಡಿಟಲ್ಲಿ ಕೂತು ಅತ್ತಿದ್ದೊಂದು ಬಾಕಿ. ನೀವು ಹೋದಾಗ ನಟರು ಕಾಯೋದು ನೋಡಿ. ಸುಮ್ನೆ ಶಿಲೆ ಥರ ನಿಲ್ಲಲ್ಲ, ಏನೋ ಬಟ್ಟೆ ಮಡಿಚ್ತಾರೆ, ಕುರ್ಚಿ ಎಳೀತಾರೆ, ನಗು ಇಳಿಯೋ ಹೊತ್ತಿಗೆ ಸರಿಯಾಗಿ ಬಾಯ್ ತೆಗೀತಾರೆ.

ಹವ್ಯಾಸಿ_ಮೈಸೂರು:

ಅಯ್ಯೋ, ಇಷ್ಟೊಂದು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಒಂದೇ ಡೌಟು, ದಿ ಆಫೀಸ್, ಮಾಡರ್ನ್ ಫ್ಯಾಮಿಲಿ ಥರದ ಶೋಗಳು ಸುಲಭ ಅಲ್ವಾ ನಮ್ಮಂಥೋರಿಗೆ? ಜನ ಬೇಡ, ನಗು ಬೇಡ, ಒಂದೇ ಮೊಬೈಲ್ ಸಾಕು.

ಕಟ್ಟಿಂಗ್_ರೂಮ್:

ಮೇಲ್ನೋಟಕ್ಕೆ ಸುಲಭ. ಅದು ಸಿಂಗಲ್ ಕ್ಯಾಮೆರಾ, ಸಿನಿಮಾ ಥರಾನೇ ಶಾಟ್ ಶಾಟ್ ತೆಗೀತಾರೆ. ಆದ್ರೆ ಅಲ್ಲಿ ನಗು ಬಂತೋ ಇಲ್ವೋ ಅಂತ ಹೇಳೋಕ್ಕೆ ಯಾರೂ ಇರಲ್ಲ, ಡೈರೆಕ್ಟರ್ ಒಬ್ಬನೇ ಅಳೀಬೇಕು, ತಪ್ಪಿದ್ದು ಗೊತ್ತಾಗೋದು ಎಡಿಟಲ್ಲಿ. ನೀವು ನಾಟಕದೋರು, ಜನ ಎದುರಿಗಿದ್ರೇನೇ ನಿಮ್ಮ ನಟರು ಬಿಚ್ಕೊಳ್ಳೋದು, ಆ ಬಲ ಯಾಕೆ ಬಿಡ್ತೀರಾ? ಮೂರು ಮೊಬೈಲ್ ತಪ್ಪೆಲ್ಲಾ ಮೇಲೆ ಬರೆದವರು ಮುಂಚೇನೇ ಮಾಡಿ ಮುಗಿಸಿದಾರಲ್ಲ. ಟೇಪಿಂಗಲ್ಲಿ ಒಂದು ಸೀನು ಎರಡನೇ ಟೇಕ್ ಬಂದಾಗ ಕಣ್ಮುಚ್ಚಿ ಕೇಳಿ ನೋಡಿ, ಪಕ್ಕದೋರು ನಿದ್ದೆ ಅಂದ್ಕೊಂಡ್ರೂ ಪರ್ವಾಗಿಲ್ಲ.

ಬರ್ಬ್ಯಾಂಕ್_ಅಕ್ಕ:

ಕಣ್ಮುಚ್ಚಿದ್ರೆ ವಾರ್ಮಪ್‌ನೋನು ಬಿಡಲ್ಲ, ಎಬ್ಬಿಸಿ ಕುಣಿಸ್ತಾನೆ, ನಮ್ಮ ಮಾವನಿಗೆ ಆಗಿದೆ. ಬಂದ ಮೇಲೆ ಮೆಸೇಜ್ ಮಾಡಿ, ಲೈನಲ್ಲಿ ನಿಲ್ಲೋಕ್ಕೆ ನಾನೂ ಬರ್ತೀನಿ, ಈ ಸಲನಾದ್ರೂ ಡೈರೆಕ್ಟರ್ ಯಾರು ಅಂತ ಹುಡುಕ್ತೀನಿ.

ಧಾರವಾಡ_ಫೇಡಾ:

ಆತ್ರಿ, ಡಬ್ಬಿ ನಗಿ ಅಂದಿದ್ದು ವಾಪಸ್ ತಗೊಂಡೆ. ಆ ಚಾಕ್ಲೇಟ್ ಸಿಕ್ರ ನಂಗೂ ಒಂದು ಹಿಡಕೊಂಡು ಬರ್ರಿ.