ಬಚ್ಚಲು ನೀರಿಗೆ ಕ್ಯಾನ ಗಿಡ ನೆಟ್ಟರೆ ಸಾಕಾ?

ಹೊಂಗೆನೆರಳು:
ನಮ್ಮದು ತಿಪಟೂರು ಕಡೆ ಹಳ್ಳಿ. ಮನೆಯಲ್ಲಿ ಐದು ಜನ. ಸ್ನಾನದ ನೀರು, ಪಾತ್ರೆ ತೊಳೆದ ನೀರು, ವಾಷಿಂಗ್ ಮಷೀನ್ ನೀರು ಎಲ್ಲ ಹಿತ್ತಿಲ ಇಂಗುಗುಂಡಿಗೆ ಹೋಗುತ್ತಿತ್ತು. ಮೂರು ವರ್ಷಕ್ಕೇ ಅದು ಕಟ್ಟಿಕೊಂಡಿತು. ಈಗ ನೀರು ತೆಂಗಿನ ಬುಡದವರೆಗೆ ಹರಿದು ಬೂದುಬೂದಾಗಿ ನಿಂತಿದೆ, ಸಂಜೆಯಾದರೆ ಸೊಳ್ಳೆ, ಅಮ್ಮ ಹಿತ್ತಿಲ ಬಾಗಿಲು ತೆಗೆಯೋದನ್ನೇ ಬಿಟ್ಟಿದ್ದಾರೆ. ಗುಂಡಿ ತೋಡಿ ಕ್ಯಾನ (ಬಾಳೆಯಂಥ ಎಲೆಯ ಹೂಗಿಡ), ಜೊಂಡು ನೆಟ್ಟರೆ ನೀರು ತಾನಾಗಿಯೇ ಶುದ್ಧವಾಗುತ್ತೆ ಅಂತ ಒಬ್ಬರು ಹೇಳಿದರು. ನಿಜಾನಾ? ಆ ನೀರನ್ನು ಸೊಪ್ಪಿನ ಮಡಿಗೆ ಬಿಡಬಹುದಾ? ಟಾಯ್ಲೆಟ್ ನೀರು ಇದರಲ್ಲಿಲ್ಲ, ಅದು ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತೆ.

ಮುಕ್ಕಾಲಿಂಚು:
ಬರೀ ಗುಂಡಿ ತೋಡಿ ಗಿಡ ನೆಟ್ಟರೆ ಸೊಳ್ಳೆಗೆ ಇನ್ನೊಂದು ಮನೆ ಕಟ್ಟಿಕೊಟ್ಟ ಹಾಗೆ, ಅಷ್ಟೇ. ಮುಕ್ಕಾಲು ಕೆಲಸ ಮಾಡೋದು ಗಿಡ ಅಲ್ಲ. ಜಲ್ಲಿಗೂ ಬೇರಿಗೂ ಲೋಳೆಯ ಹಾಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ. ಬೇರು ಅವಕ್ಕೆ ಜಾಗ ಕೊಡುತ್ತೆ, ಒಂಚೂರು ಗಾಳಿ ಕೊಡುತ್ತೆ, ಜಲ್ಲಿ ಗಟ್ಟಿಯಾಗದ ಹಾಗೆ ಸಡಿಲಿಸುತ್ತೆ. ಗಿಡವೇ ಹೀರಿಕೊಳ್ಳೋದು ಕಮ್ಮಿ.

ನಿಮ್ಮದು ದಿನಕ್ಕೆ 450 ಲೀಟರ್ ಅಂತಿಟ್ಟುಕೊಳ್ಳಿ. 14 ಅಡಿ ಉದ್ದ, 5 ಅಡಿ ಅಗಲದ ತೊಟ್ಟಿ ಮಾಡಿ, ಒಳಗೆ ಒಂದೂವರೆ ಅಡಿ ನೀರು ನಿಲ್ಲಲಿ. ಜಲ್ಲಿ ತುಂಬಿದ ಮೇಲೆ ಸಂದಿಯಲ್ಲಿ ಸುಮಾರು 1,200 ಲೀಟರ್ ಹಿಡಿಯುತ್ತೆ, ಅಂದರೆ ನೀರು ಒಳಗೆ ಎರಡೂವರೆ ದಿನ ಇರುತ್ತೆ. ಬಚ್ಚಲು ನೀರಿಗೆ ಅಷ್ಟು ಸಾಕು. ನೀರು ಬರುವ ಕಡೆ ಮತ್ತು ಹೋಗುವ ಕಡೆ ಒಂದೊಂದು ಅಡಿ ಉದ್ದಕ್ಕೆ ದಪ್ಪ ದಪ್ಪ ಕಲ್ಲು, ನಡುವೆ ಮುಕ್ಕಾಲಿಂಚು ಜಲ್ಲಿ. ನೀರಿನ ಮಟ್ಟ ಯಾವಾಗಲೂ ಜಲ್ಲಿಗಿಂತ ಮೂರು ಇಂಚು ಕೆಳಗೇ ಇರಬೇಕು. ಕಣ್ಣಿಗೆ ನೀರು ಕಾಣಲಿಲ್ಲ ಅಂದ್ರೆ ಸೊಳ್ಳೆಗೂ ಸಿಗಲ್ಲ. ಅದಕ್ಕೆ ಹೊರಗೆ ಹೋಗುವ ಪೈಪಿಗೆ ಗಮ್ ಹಾಕದೆ ಎಲ್ಬೋ (ಬಾಗಿದ ಪೈಪ್ ತುಂಡು) ಸಿಕ್ಕಿಸಿ, ತಿರುಗಿಸಿದ ಹಾಗೆ ಮಟ್ಟ ಏರಿಸಬಹುದು, ಇಳಿಸಬಹುದು.

ನಾನು ಮೊದಲು ಕಟ್ಟಿದ್ದು ಏಳು ತಿಂಗಳಿಗೇ ಕೆಟ್ಟಿತು. ಎರಡು ತಪ್ಪು. ಜಲ್ಲಿಯನ್ನು ತೊಳೆಯದೆ ಪುಡಿ ಸಮೇತ ಸುರಿಸಿದೆ. ಅಡುಗೆಮನೆ ನೀರಿಗೆ ಮೊದಲೇ ಜಿಡ್ಡು ತಡೆಯುವ ತೊಟ್ಟಿ ಬೇಕಿಲ್ಲ ಅಂದುಕೊಂಡೆ. ಮೊದಲ ಎರಡು ಅಡಿಯ ಜಲ್ಲಿ ಅಗೆದರೆ ಕಲ್ಲಿನ ಮೇಲೆಲ್ಲ ಹಳೇ ತುಪ್ಪದ ಹಾಗೆ ಬಿಳಿ ಜಿಡ್ಡು, ಅದರಲ್ಲಿ ಅನ್ನದ ಅಗುಳು, ವಾಸನೆ ಕೇಳಬೇಡಿ. ಈಗ ಎರಡು ಕಂಪಾರ್ಟ್‌ಮೆಂಟಿನ ಸಣ್ಣ ತೊಟ್ಟಿ ಇದೆ, ತೇಲುವ ಜಿಡ್ಡನ್ನು ಹದಿನೈದು ದಿನಕ್ಕೊಮ್ಮೆ ಹಳೇ ಸೌಟಲ್ಲಿ ತೆಗೆದು ಗೊಬ್ಬರದ ಗುಂಡಿಗೆ ಹಾಕ್ತೀನಿ. ಅದನ್ನು ಮಾಡೋಕೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ ಅಂದ್ರೆ ಈ ಯೋಜನೆಯನ್ನೇ ಬಿಡಿ, ನಿಜವಾಗಲೂ.

ಕೆರೆದಂಡೆ:
ಮೇಲಿನವರು ಹೇಳಿದ್ದು ಸರಿ. ದೊಡ್ಡದಾಗಿ ನೋಡಬೇಕು ಅಂದ್ರೆ ಬೆಂಗಳೂರಿನ ಜಕ್ಕೂರು ಕೆರೆಗೆ ಬನ್ನಿ, ಸುಮಾರು 160 ಎಕರೆ. ಅಲ್ಲಿನ ಕೊಳಚೆ ನೀರು ಶುದ್ಧೀಕರಣ ಘಟಕ ಶುರುವಿನಲ್ಲಿ ದಿನಕ್ಕೆ ಒಂದು ಕೋಟಿ ಲೀಟರಿನದು. ಘಟಕದ ನೀರು ನೇರ ಕೆರೆಗೆ ಬೀಳೋದಿಲ್ಲ, ಮಧ್ಯೆ ಜೊಂಡು ಬೆಳೆದ ಜೌಗು ಇದೆ, ಅದನ್ನು ಹಾದು ಬರುತ್ತೆ. ಕೊಳಚೆಯಿಂದ ಬರುವ ನೈಟ್ರೇಟ್ (ಸಾರಜನಕದ ಲವಣ) ಕಮ್ಮಿಯಾಗೋದು ಅಲ್ಲೇ, ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಾ ಅದನ್ನು ಸಾರಜನಕ ಅನಿಲ ಮಾಡಿ ಮೇಲಕ್ಕೆ ಬಿಡುತ್ತವೆ. ಜೊಂಡನ್ನು ಕತ್ತರಿಸಿ ಹೊರಗೆ ಸಾಗಿಸಬೇಕು, ಇಲ್ಲದಿದ್ದರೆ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ವಾಪಸ್ ನೀರಿಗೇ ಬಿಡುತ್ತೆ.

ಇನ್ನೊಂದು ಮಾತು. ಅಂತರಗಂಗೆ ನೀರು ಶುದ್ಧ ಮಾಡುತ್ತೆ ಅಂತ ತಂದು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಬಿಟ್ಟರೆ ಊರ ಕೆರೆಯನ್ನೇ ಮುಚ್ಚುತ್ತೆ. ಕಾರ್ಖಾನೆ ನೀರು ಸೇರುವ ಕಡೆಯಂತೂ ಕಥೆಯೇ ಬೇರೆ: ಸೀಸ, ಕ್ಯಾಡ್ಮಿಯಂ ಬ್ಯಾಕ್ಟೀರಿಯಾ ತಿಂದರೆ ಮುಗಿಯುವಂಥದ್ದಲ್ಲ, ಬೇರಿನಲ್ಲೂ ಕೆಸರಿನಲ್ಲೂ ಸೇರಿಕೊಂಡು ಕೂತಿರುತ್ತೆ. ಆ ಗಿಡ ದನಕ್ಕೂ ಹಾಕಬಾರದು, ಗೊಬ್ಬರಕ್ಕೂ ಹಾಕಬಾರದು.

ಹೊಂಗೆನೆರಳು:
ಇಬ್ಬರಿಗೂ ಥ್ಯಾಂಕ್ಸ್. ತೊಟ್ಟಿಗೆ ಸಿಮೆಂಟೇ ಬೇಕಾ, ದಪ್ಪ ಟಾರ್ಪಾಲು ಸಾಕಾ? ಸೊಪ್ಪಿನ ಪ್ರಶ್ನೆ ಹಾಗೇ ಉಳಿಯಿತು. ಮಳೆಗಾಲದಲ್ಲಿ ತುಂಬಿ ಹರಿದರೆ ಏನು ಮಾಡೋದು?

ಮುಕ್ಕಾಲಿಂಚು:
ಟಾರ್ಪಾಲು ನಡೆಯುತ್ತೆ, ಆದರೆ ಜಲ್ಲಿಯ ಮೂಲೆ ಚುಚ್ಚುತ್ತೆ. ಕೆಳಗೊಂದು ಪದರ ಮರಳು, ಮೇಲೊಂದು ಹಳೇ ಗೋಣಿಚೀಲ ಹಾಸಿ. ಹೆಗ್ಗಣ ಇದ್ದರೆ ಸಿಮೆಂಟೇ ಮಾಡಿ.

ಸೊಪ್ಪಿಗೆ ಬೇಡ. ನೀರು ತಿಳಿಯಾಗಿ ಕಂಡರೂ ರೋಗಾಣು ಪೂರ್ತಿ ಹೋಗಿರಲ್ಲ, ಕೊತ್ತಂಬರಿಯನ್ನು ನಾವು ಹಸಿಯಾಗಿಯೇ ತಿನ್ನುತ್ತೀವಲ್ಲ. ಬಾಳೆ, ತೆಂಗಿಗೆ ಬಿಡಿ, ಎಲೆ ಮೇಲೆ ಚಿಮುಕಿಸದೆ ಬುಡಕ್ಕೆ. ಸೋಪಿನಪುಡಿಯ ಸೋಡಿಯಂ ಎಲ್ಲೂ ಹೋಗಲ್ಲ, ಈ ಗಿಡಗಳು ಅದನ್ನು ಅಷ್ಟಾಗಿ ತೆಗೆಯೋದಿಲ್ಲ. ಹಾಗಾಗಿ ಒಂದೇ ಮರಕ್ಕೆ ಬಿಡದೆ ಪೈಪ್ ಬದಲಾಯಿಸ್ತಾ ಇರಿ.

ಮಳೆಗೆ ಅಂತ ತೊಟ್ಟಿಯ ಸುತ್ತ ಅರ್ಧ ಅಡಿ ಬದು ಕಟ್ಟಿ, ಅಂಗಳದ ನೀರು ಒಳಗೆ ನುಗ್ಗಬಾರದು. ಚಾವಣಿ ನೀರಿನ ಪೈಪನ್ನು ಅಪ್ಪಿತಪ್ಪಿಯೂ ಇದಕ್ಕೆ ಕೊಡಬೇಡಿ. ಕ್ಯಾನ ಕೊಳ್ಳಬೇಡಿ, ಯಾರದಾದರೂ ಹಿತ್ತಿಲಲ್ಲಿ ಗೆಡ್ಡೆ ಸಿಗುತ್ತೆ, ಒಂದೂವರೆ ಅಡಿಗೊಂದರಂತೆ ನೆಡಿ. ಮೊದಲ ಎರಡು ತಿಂಗಳು ಗಿಡ ಸೊರಗಿದ ಹಾಗೆ ಕಾಣುತ್ತೆ, ಗಾಬರಿಯಾಗಿ ಯೂರಿಯಾ ಹಾಕೋಕೆ ಹೋಗಬೇಡಿ.