ಮನೋವೈದ್ಯರನ್ನು ಕೇಳಿ: ಮುಖ್ಯ ಶಿಕ್ಷಕರ ಹೊರೆ ಮತ್ತು ಬಳಲಿಕೆ

ನಿರ್ವಾಹಕರು: ಪ್ರೌಢಶಾಲಾ ಮುಖ್ಯ ಶಿಕ್ಷಕರ ಈ ಬಳಗದ ಪ್ರಶ್ನೆಗಳಿಗೆ ಇಂದು ಸಂಜೆ ಮನೋವೈದ್ಯೆಯೊಬ್ಬರು ಉತ್ತರಿಸಲಿದ್ದಾರೆ.

ಮುಖ್ಯ ಶಿಕ್ಷಕಿ, ಶಿರಾ: ಅಕ್ಷರ ದಾಸೋಹದ ಲೆಕ್ಕ, ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ನಮೂದು, ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಮೊದಲು ಪ್ರೀತಿಯಿಂದ ಮಾಡುತ್ತಿದ್ದ ಕೆಲಸವೇ ಈಗ ಬೇಸರ ತರಿಸುತ್ತಿದೆ. ಮೇಡಂ, ಇದು ಕಾಯಿಲೆಯೇ?

ವೈದ್ಯೆ: ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನೌಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದಾಗುವ ಬಳಲಿಕೆಯನ್ನು, ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿತು. ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ತಾತ್ಸಾರ ಬೆಳೆಯುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ, ಇವು ಅದರ ಮೂರು ಲಕ್ಷಣಗಳು. ಆದರೆ ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ, ಸಕ್ಕರೆ ಕಾಯಿಲೆಗಳೂ ಹೀಗೆಯೇ ಸುಸ್ತು ತರುವುದರಿಂದ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಮುಖ್ಯ ಶಿಕ್ಷಕರು, ಹಾವೇರಿ: ಅಶ್ವಗಂಧದ ಪುಡಿಯನ್ನು ಹಾಲಿನಲ್ಲಿ ಕುಡಿದರೆ ಒತ್ತಡ ಬುಡಸಮೇತ ಹೋಗುತ್ತದೆ ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ.

ವೈದ್ಯೆ: ದಯವಿಟ್ಟು ಹಾಕಬೇಡಿ. ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ, ಥೈರಾಯ್ಡ್ ಮಾತ್ರೆ ಸೇವಿಸುವವರಲ್ಲಿ ಹಾರ್ಮೋನಿನ ಮಟ್ಟ ಏರುಪೇರಾಗಬಹುದು. ಈ ಗುಂಪಿನಲ್ಲಿ ಯಾರು ಯಾವ ಔಷಧ ಸೇವಿಸುತ್ತಿದ್ದಾರೆಂಬುದು ಆ ಸಂದೇಶ ಬರೆದವರಿಗೆ ತಿಳಿದಿರುವುದಿಲ್ಲ.

ಪ್ರಭಾರ ಮುಖ್ಯ ಶಿಕ್ಷಕರು, ಸಿಂಧನೂರು: ಪ್ರಭಾರ ವಹಿಸಿಕೊಂಡ ಮೇಲೆ ಕೆಲಸ ಎರಡರಷ್ಟಾಗಿದೆ. ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಊಟ ಸೇರುವುದಿಲ್ಲ. ಮಕ್ಕಳ ಫಲಿತಾಂಶ ಕುಸಿದದ್ದಕ್ಕೆ ನಾನೊಬ್ಬನೇ ಹೊಣೆ ಎನಿಸುತ್ತದೆ. ದಸರಾ ರಜೆಯಲ್ಲೂ ಮನಸ್ಸು ಹಗುರವಾಗಲಿಲ್ಲ. ಕಳೆದ ವಾರ ವಿಮೆಯ ಕಾಗದಪತ್ರಗಳನ್ನೆಲ್ಲ ಒಂದೆಡೆ ಸೇರಿಸಿ ಮನೆಯವರ ಕೈಗೆ ಕೊಟ್ಟೆ. ಹದಿನೈದು ದಿನ ರಜೆ ಹಾಕಿದರೆ ಸಾಕೇ?

ವೈದ್ಯೆ: ಸರ್, ಉಳಿದವರ ಪ್ರಶ್ನೆಗಳನ್ನು ಬದಿಗಿಟ್ಟು ನಿಮಗೆ ಬರೆಯುತ್ತಿದ್ದೇನೆ. ಕೆಲಸದ ಬಳಲಿಕೆ ಸಾಮಾನ್ಯವಾಗಿ ಕೆಲಸದಿಂದ ದೂರವಾದಾಗ ಸ್ವಲ್ಪವಾದರೂ ಇಳಿಯುತ್ತದೆ. ನೀವು ಹೇಳುತ್ತಿರುವುದು ರಜೆಯಲ್ಲೂ ಇಳಿಯದೆ ಊಟ, ನಿದ್ದೆ, ಮನೆ ಎಲ್ಲವನ್ನೂ ಆವರಿಸಿಕೊಂಡಿರುವ ಸ್ಥಿತಿ. ಬೆಳಗಿನ ಜಾವದ ಎಚ್ಚರ, ಊಟ ಸೇರದಿರುವುದು, ಇಡೀ ಶಾಲೆಯ ಫಲಿತಾಂಶಕ್ಕೆ ತಾನೊಬ್ಬನೇ ಹೊಣೆ ಎಂಬ ಅಪರಾಧ ಭಾವ, ಇವು ಖಿನ್ನತೆಯ ಕಡೆಗೆ ಬೆರಳು ತೋರಿಸುತ್ತವೆ, ಮತ್ತು ಖಿನ್ನತೆಗೆ ಚಿಕಿತ್ಸೆ ಇದೆ. ವಿಮೆಯ ಪತ್ರಗಳ ಮಾತು ನನಗೆ ಆತಂಕ ತಂದಿದೆ. ಬದುಕಿರುವುದು ಬೇಡ ಎಂಬ ಯೋಚನೆ ಬರುತ್ತಿದೆಯೇ? ಇಲ್ಲಿ ಎಲ್ಲರೆದುರು ಉತ್ತರಿಸಬೇಕಾಗಿಲ್ಲ; ನಿಮ್ಮ ಪತ್ನಿಗೆ ಈಗಲೇ ಹೇಳಿ, ಈ ರಾತ್ರಿ ಒಬ್ಬರೇ ಇರಬೇಡಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ನಾಳೆ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ರಜೆಯ ಲೆಕ್ಕಾಚಾರ ಆಮೇಲೆ. ನಾನು ನಿಮಗೆ ಖಾಸಗಿಯಾಗಿಯೂ ಸಂದೇಶ ಕಳುಹಿಸಿದ್ದೇನೆ.

ಮುಖ್ಯ ಶಿಕ್ಷಕರು, ಕೊಳ್ಳೇಗಾಲ: ಸುಸ್ತಿಗೆ ಯಾವ ಪರೀಕ್ಷೆ ಮಾಡಿಸಬೇಕು?

ವೈದ್ಯೆ: ಮೊದಲ ಉತ್ತರ ಓದಿ.

ಸಹಶಿಕ್ಷಕಿ, ಧಾರವಾಡ: ಎಲ್ಲವನ್ನೂ ತಾವೇ ಹಿಡಿದಿಟ್ಟುಕೊಳ್ಳುವುದೂ ಬಳಲಿಕೆಗೆ ಕಾರಣವಲ್ಲವೇ? ನಮ್ಮ ಶಾಲೆಯಲ್ಲಿ ಸ್ಯಾಟ್ಸ್ ಪಾಸ್‌ವರ್ಡ್ ಕೂಡ ಮುಖ್ಯ ಶಿಕ್ಷಕರೊಬ್ಬರ ಬಳಿಯೇ ಇದೆ. ನಾವು ಕೇಳಿದರೂ ಕೊಡುವುದಿಲ್ಲ.

ಮುಖ್ಯ ಶಿಕ್ಷಕರು, ಸೇಡಂ: ಹಂಚಿದ ಕೆಲಸ ಕೆಟ್ಟರೆ ಕಾರಣ ಕೇಳುವ ನೋಟಿಸ್ ಬರುವುದು ನನ್ನ ಹೆಸರಿಗೆ, ನಿಮ್ಮ ಹೆಸರಿಗಲ್ಲ.

ಸಹಶಿಕ್ಷಕಿ, ಧಾರವಾಡ: ನೋಟಿಸಿನ ಭಯ ತೋರಿಸಿ ನಮ್ಮನ್ನು ಅಪ್ರಯೋಜಕರನ್ನಾಗಿ ಮಾಡಿದವರು ಯಾರು?

ಮುಖ್ಯ ಶಿಕ್ಷಕರು, ಸೇಡಂ: ಸಂಜೆ ಐದರ ನಂತರ ನಿಮ್ಮಂಥವರಲ್ಲಿ ಎಷ್ಟು ಮಂದಿ ಶಾಲೆಯಲ್ಲಿರುತ್ತೀರಿ, ಅದನ್ನೂ ಇಲ್ಲಿ ಬರೆಯಿರಿ.

ವೈದ್ಯೆ: ಇಬ್ಬರೂ ನಿಲ್ಲಿಸಿ. 1974ರಲ್ಲಿ ಈ ಬಳಲಿಕೆಯ ಬಗ್ಗೆ ಬರೆದ ಮನೋವಿಜ್ಞಾನಿ ಫ್ರಾಯ್ಡೆನ್‌ಬರ್ಗರ್ ಅವರು ಉಚಿತ ಚಿಕಿತ್ಸಾಲಯಗಳ ಕಾರ್ಯಕರ್ತರನ್ನು ಕಂಡು, ಅದಕ್ಕೆ ಹೆಚ್ಚು ಸಿಲುಕುವವರು ನಿಷ್ಠೆಯಿಂದ ದುಡಿಯುವವರೇ ಎಂದು ಗುರುತಿಸಿದ್ದರು. ಹಾಗಾಗಿ ಇದನ್ನು ಸೋಮಾರಿತನದ ವಾಗ್ವಾದವಾಗಿಸಬೇಡಿ. ಸಿಬ್ಬಂದಿ ಸಭೆಯಲ್ಲಿ ಯಾವ ಕೆಲಸ ಯಾರದು ಎಂದು ನಡಾವಳಿಯಲ್ಲಿ ಬರೆದು ಸಹಿ ಪಡೆಯಿರಿ. ಕೊಟ್ಟ ಕೆಲಸವನ್ನು ಮತ್ತೆ ರಾತ್ರಿ ಕುಳಿತು ತಿದ್ದಬೇಡಿ. ಮೇಲಿನಿಂದ ಬರುವ ಹೊರೆ ಇದರಿಂದ ಕಡಿಮೆಯಾಗುವುದಿಲ್ಲ, ಅದನ್ನು ಇಲಾಖೆಯೇ ಇಳಿಸಬೇಕು. ಸಂಘದ ಮೂಲಕ ಲಿಖಿತವಾಗಿ ಕೇಳಿ.

ಮುಖ್ಯ ಶಿಕ್ಷಕರು, ಸಾಗರ: ಮನೋವೈದ್ಯರ ಬಳಿ ಹೋದರೆ ಸೇವಾ ವಹಿಯಲ್ಲಿ ದಾಖಲಾಗುತ್ತದೆಯೇ?

ವೈದ್ಯೆ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಪ್ರಕರಣವು ಚಿಕಿತ್ಸೆಯ ಗೋಪ್ಯತೆಯನ್ನು ನಿಮ್ಮ ಹಕ್ಕೆಂದು ಹೇಳುತ್ತದೆ. ವೈದ್ಯರು ಇಲಾಖೆಗೆ ತಾವಾಗಿ ವರದಿ ಕಳುಹಿಸುವುದಿಲ್ಲ.

ಮುಖ್ಯ ಶಿಕ್ಷಕಿ, ಮಂಡ್ಯ: ಮನೆಗೆ ಬಂದ ಕೂಡಲೇ ಮಗಳ ಮೇಲೆ ರೇಗುತ್ತೇನೆ. ಏನು ಮಾಡಲಿ?

ಮುಖ್ಯ ಶಿಕ್ಷಕರು, ಬೀಳಗಿ: ಗೆಳೆಯರೊಬ್ಬರು ಆಲ್‌ಪ್ರಜೋಲಂ ಕೊಟ್ಟಿದ್ದಾರೆ. ಒಳ್ಳೆಯ ನಿದ್ದೆ ಬರುತ್ತಿದೆ, ಮುಂದುವರಿಸಬಹುದೇ?

ವೈದ್ಯೆ: ಅದು ಚಟ ಹಿಡಿಸುವ ಔಷಧ, ಚೀಟಿಯಿಲ್ಲದೆ ಸೇವಿಸುವಂತಿಲ್ಲ. ಬಹಳ ದಿನಗಳಿಂದ ಸೇವಿಸುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರನ್ನು ಕಾಣಿ.

ಮುಖ್ಯ ಶಿಕ್ಷಕರು, ಹಾವೇರಿ: ನಮ್ಮ ಹಿರಿಯರು ಇಂಗ್ಲಿಷ್ ಔಷಧವಿಲ್ಲದೆ ಬದುಕಲಿಲ್ಲವೇ ಮೇಡಂ?

ವೈದ್ಯೆ: ಬದುಕದೇ ಹೋದವರ ಲೆಕ್ಕವನ್ನು ಆ ಸಂದೇಶ ಬರೆದವರು ಇಟ್ಟಿಲ್ಲ. ಇದಕ್ಕೆ ಮತ್ತೆ ಉತ್ತರಿಸುವುದಿಲ್ಲ. ಸಿಂಧನೂರಿನವರು ಇದ್ದೀರಾ?

ಪ್ರಭಾರ ಮುಖ್ಯ ಶಿಕ್ಷಕರು, ಸಿಂಧನೂರು: ಮನೆಯವರಿಗೆ ಎಲ್ಲವನ್ನೂ ಹೇಳಿದೆ ಮೇಡಂ. 14416ಕ್ಕೆ ಅವರೇ ಕರೆ ಮಾಡಿ ಕೊಟ್ಟರು, ಮಾತನಾಡಿದೆ. ನಾಳೆ ರಾಯಚೂರಿಗೆ ಹೊರಡುತ್ತೇವೆ. ಆದರೆ ನಾಳೆ ಶಾಲೆಗೆ ತಪಾಸಣಾ ತಂಡ ಬರುವುದಿದೆ.

ವೈದ್ಯೆ: ಬೀಗದ ಕೈ ಮತ್ತು ಕಡತಗಳನ್ನು ಹಿರಿಯ ಸಹಶಿಕ್ಷಕರಿಗೆ ಇಂದೇ ಕೊಟ್ಟುಬಿಡಿ. ನೀವು ಈಗ ಸೇವಿಸುವ ಮಾತ್ರೆಗಳಿದ್ದರೆ ಅವುಗಳನ್ನು ಆಸ್ಪತ್ರೆಗೆ ಒಯ್ಯಿರಿ, ಮನೆಯವರೂ ಜೊತೆಗೆ ಬರಲಿ.